ಮೇಲುಕೋಟೆಗೆ ಹೊರಡುವ ಮುನ್ನ: ಬಾಗಿಲ ಹೊತ್ತು, ಬೆಟ್ಟದ ಮೆಟ್ಟಿಲು, ಪುಳಿಯೋಗರೆಯ ಹದ

ಮೇಲುಕೋಟೆಗೆ ಹೋಗಿ ಬೇಸರಪಟ್ಟು ಬರುವವರದು ಹೆಚ್ಚುಕಡಿಮೆ ಒಂದೇ ಕಥೆ. ಒಂಬತ್ತಕ್ಕೆ ಬೆಂಗಳೂರು ಬಿಟ್ಟು, ದಾರಿಯಲ್ಲಿ ಎರಡು ಕಡೆ ನಿಂತು, ಹನ್ನೆರಡೂವರೆಗೆ ಊರು ಮುಟ್ಟುತ್ತಾರೆ. ಗಾಡಿ ನಿಲ್ಲಿಸಿ ಸಾಲಿಗೆ ಸೇರುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕುವ ಹೊತ್ತು. ಸರಿ, ಬೆಟ್ಟವನ್ನಾದರೂ ಹತ್ತೋಣ ಎಂದರೆ ಮೇಲಿನ ಗುಡಿಯೂ ಮುಚ್ಚಿರುತ್ತದೆ, ಬರಿಗಾಲಿಗೆ ಕಲ್ಲು ಸುಡುತ್ತದೆ. ಕಡೆಗೆ ಕಲ್ಯಾಣಿಯ ಬಳಿ ಸಿಕ್ಕಿದ ಒಂದು ದೊನ್ನೆ ಪುಳಿಯೋಗರೆ ತಿಂದು, ಇಷ್ಟಕ್ಕೇನಾ ಇಷ್ಟು ಹೆಸರು ಅನ್ನಿಸಿಕೊಂಡು ವಾಪಸ್.

ಈ ಊರಿನಲ್ಲಿ ಊಟಕ್ಕೂ ದೇವರಿಗೂ ಒಂದೇ ಗಡಿಯಾರ. ಮಡಪ್ಪಳ್ಳಿಯಲ್ಲಿ, ಅಂದರೆ ದೇವಸ್ಥಾನದ ಅಡುಗೆಮನೆಯಲ್ಲಿ, ತಳಿಗೆ (ದೇವರ ಅಡುಗೆ) ಸಿದ್ಧವಾಗಿ, ನೈವೇದ್ಯವಾಗಿ, ಆಮೇಲೆ ಪ್ರಸಾದವಾಗಿ ಹೊರಗೆ ಬರುತ್ತದೆ. ಆ ಹೊತ್ತನ್ನು ಹಿಡಿದು ದಿನ ಹೊಂದಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ.

ಯಾವಾಗ ಹೋಗಬೇಕು

ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಸುಖ. ಮಾರ್ಚ್ ಕಳೆದ ಮೇಲೆ ಬಂಡೆ ಬೇಗ ಕಾಯುತ್ತದೆ, ಹತ್ತೂವರೆಯ ನಂತರ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಡೆಯುವುದು ಕಷ್ಟ. ವಾರದ ನಡುವಿನ ದಿನ ಸಿಕ್ಕರೆ ಶನಿವಾರ, ಭಾನುವಾರಗಳನ್ನು ಬಿಟ್ಟುಬಿಡಿ.

ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗಿನ ಧನುರ್ಮಾಸ ಊಟದ ಆಸೆಯವರಿಗೆ ಒಳ್ಳೆಯ ಕಾಲ. ನಸುಕಿನ ಪೂಜೆ, ಬಿಸಿ ಪೊಂಗಲ್, ಮೈಕೊರೆಯುವ ಗಾಳಿ. ಆದರೆ ಸೂರ್ಯ ಹುಟ್ಟುವ ಮೊದಲೇ ಊರಿನಲ್ಲಿರಬೇಕು, ಅಂದರೆ ಹಿಂದಿನ ರಾತ್ರಿ ಅಲ್ಲೇ ತಂಗಬೇಕು. ತಂಗಲು ಇರುವುದು ಹೆಚ್ಚಾಗಿ ಛತ್ರಗಳು ಮತ್ತು ಸಾಧಾರಣ ವಸತಿಗೃಹಗಳು. ಮೊದಲೇ ಫೋನ್ ಮಾಡಿ ಗಟ್ಟಿ ಮಾಡಿಕೊಳ್ಳಿ.

ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವದ ಮಾತೇ ಬೇರೆ. ಮಂಡ್ಯದ ಜಿಲ್ಲಾ ಖಜಾನೆಯಿಂದ ಕಿರೀಟ ಬಂದು, ಅದನ್ನು ಧರಿಸಿದ ಉತ್ಸವಮೂರ್ತಿ ಚೆಲ್ವಪಿಳ್ಳೆ ಗರುಡವಾಹನದ ಮೇಲೆ ರಾತ್ರಿಯಿಡೀ ಮೆರವಣಿಗೆ ಹೋಗುತ್ತಾನೆ. ನೋಡಬೇಕಾದದ್ದೇ, ಅನುಮಾನವಿಲ್ಲ. ಆದರೆ ಲಕ್ಷಗಟ್ಟಲೆ ಜನ ಸೇರುವ ಆ ರಾತ್ರಿ ಊರನ್ನು ನೋಡಲಾಗದು, ನಿಧಾನವಾಗಿ ಕೂತು ಉಣ್ಣಲೂ ಆಗದು. ಉತ್ಸವಕ್ಕೆ ಒಮ್ಮೆ, ಊರಿಗಾಗಿ ಇನ್ನೊಮ್ಮೆ ಹೋಗಿ.

ಹೊರಡುವ ಮುನ್ನ ಪಂಚಾಂಗದಲ್ಲಿ ಏಕಾದಶಿ ಬಿದ್ದಿದೆಯೇ ನೋಡಿ. ಶ್ರೀವೈಷ್ಣವ ಸಂಪ್ರದಾಯದ ಮನೆಗಳಲ್ಲಿ ಅಂದು ಅನ್ನ ಮಾಡುವುದಿಲ್ಲ. ಮನೆಯಲ್ಲೇ ಅಡುಗೆ ಮಾಡಿ ಬಡಿಸುವ ಮೆಸ್‌ಗಳಲ್ಲಿ ಅಂದು ಊಟ ಸಿಗದಿರಬಹುದು.

ದಾರಿ

ಮೇಲುಕೋಟೆ ಇರುವುದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ. ಮೈಸೂರಿನಿಂದ ಸುಮಾರು 50 ಕಿ.ಮೀ., ಬೆಂಗಳೂರಿನಿಂದ ಹಿಡಿದ ದಾರಿಯ ಮೇಲೆ 130ರಿಂದ 150 ಕಿ.ಮೀ. ಬೆಂಗಳೂರಿನವರಿಗೆ ಎರಡು ದಾರಿ: ಮೈಸೂರು ಹೆದ್ದಾರಿಯಲ್ಲಿ ಮಂಡ್ಯದವರೆಗೆ ಬಂದು ಒಳಗೆ ತಿರುಗುವುದು, ಇಲ್ಲವೇ ನೆಲಮಂಗಲ, ಬೆಳ್ಳೂರು ಕ್ರಾಸ್, ನಾಗಮಂಗಲದ ಮೇಲೆ ಬರುವುದು. ನಾಗಮಂಗಲದ ಕಡೆಯಿಂದಾಗಲಿ ಪಾಂಡವಪುರದ ಕಡೆಯಿಂದಾಗಲಿ ಬರುವವರು ಜಕ್ಕನಹಳ್ಳಿಯಲ್ಲಿ ತಿರುಗಿಕೊಳ್ಳಬೇಕು. ಅಲ್ಲಿಂದ ಬೆಟ್ಟದೂರು ಹತ್ತೇ ನಿಮಿಷ.

ಮಂಡ್ಯದ ದಾರಿಯಲ್ಲಿ ಎಡವಟ್ಟಾಗುವುದು ಎರಡು ಕಡೆ. ಹೊಸ ಹೆದ್ದಾರಿ ಮಂಡ್ಯದ ಹೊರಗಿನಿಂದಲೇ ಹಾದುಹೋಗುತ್ತದೆ, ಇಳಿಯುವ ಜಾಗ ತಪ್ಪಿದರೆ ಸುಮ್ಮನೆ ಸುತ್ತು. ಇನ್ನೊಂದು, 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು, ಬೈಕಿನವರು ಅದಕ್ಕೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ರೈಲಿನವರು ಪಾಂಡವಪುರ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬಹುದು, ಆದರೆ ಗಂಟುಮೂಟೆ, ಮಕ್ಕಳು ಇದ್ದರೆ ಮೈಸೂರಿನಿಂದಲೋ ಮಂಡ್ಯದಿಂದಲೋ ನೇರ ಬಸ್ಸೇ ವಾಸಿ. ಇಳಿದ ತಕ್ಷಣ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ.

ಎಲ್ಲಿಂದ ಹೊರಟರೂ ಎಂಟೂವರೆಯೊಳಗೆ ಊರಿನಲ್ಲಿರುವಂತೆ ಹೊರಡಿ. ಈ ಲೇಖನದ ಉಳಿದ ಸಲಹೆಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ.

ಮೊದಲು ಬೆಟ್ಟ, ಆಮೇಲೆ ಊರು

ಹೆಚ್ಚಿನವರು ಮೊದಲು ಚೆಲುವನಾರಾಯಣ ಸ್ವಾಮಿಯ ದರ್ಶನ ಮುಗಿಸಿ ಆಮೇಲೆ ಬೆಟ್ಟಕ್ಕೆ ಹೊರಡುತ್ತಾರೆ. ಹೊತ್ತಿನ ಲೆಕ್ಕದಲ್ಲಿ ಅದು ತಿರುಗುಮುರುಗು. ಕೆಳಗಿನ ದೇವಸ್ಥಾನ ಊರ ನಡುವೆ ನೆರಳಿನಲ್ಲಿದೆ, ಹನ್ನೊಂದಕ್ಕೂ ಆರಾಮ. ಯೋಗಾನರಸಿಂಹನ ಬೆಟ್ಟ ಬಯಲಿನಲ್ಲಿದೆ. ಬಿಸಿಲೇರುವ ಮೊದಲು ಅದನ್ನು ಮುಗಿಸಿಬಿಡಿ.

ಕಲ್ಯಾಣಿಯ ಬಳಿಯಿಂದ ಶುರುವಾಗುವ ಮೆಟ್ಟಿಲು ಮುನ್ನೂರಕ್ಕೂ ಹೆಚ್ಚು. ನಿಧಾನವಾಗಿ ಹತ್ತಿದರೆ 30–40 ನಿಮಿಷ. ಮಂಡಿನೋವಿನವರು, ವಯಸ್ಸಾದವರು ಬೆಟ್ಟದ ಅರ್ಧದವರೆಗೆ ವಾಹನದಲ್ಲಿ ಹೋಗಿ ಉಳಿದ ಮೆಟ್ಟಿಲನ್ನಷ್ಟೇ ಹತ್ತಬಹುದು. ಹೊಟ್ಟೆ ತುಂಬ ತಿಂಡಿ ತಿಂದು ಹತ್ತಬೇಡಿ, ಒಂದು ಬಾಳೆಹಣ್ಣು, ಒಂದು ಲೋಟ ಕಾಫಿ ಸಾಕು. ಆ ಬಾಳೆಹಣ್ಣನ್ನೂ ಕೆಳಗೇ ತಿಂದು ಮುಗಿಸಿ. ಕಾರಣ, ಕೋತಿಗಳು.

ಇಲ್ಲಿನ ಕೋತಿಗಳಿಗೆ ಕೈಯಲ್ಲಿ ತೂಗಾಡುವ ಕವರ್ ಎಂದರೆ ಊಟದ ಗಂಟು. ಒಳಗೆ ಏನಿದೆ ಎಂದು ನೋಡುವ ಮೊದಲೇ ಎಳೆಯುತ್ತವೆ. ತೆಂಗಿನಕಾಯಿ, ಹಣ್ಣುಗಳನ್ನು ಜಿಪ್ ಇರುವ ಬ್ಯಾಗಿನಲ್ಲಿ ಹಾಕಿ ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಳ್ಳಿ. ಬಣ್ಣದ ಪಾನೀಯದ ಬಾಟಲಿ ಬೇಡವೇ ಬೇಡ. ಕೋತಿ ಹತ್ತಿರ ಬಂದರೆ ಹಲ್ಲು ಕಿರಿದು ನಗುವುದು, ಕಣ್ಣಿಟ್ಟು ದಿಟ್ಟಿಸುವುದು ಮಾಡಬೇಡಿ, ಅವುಗಳ ಭಾಷೆಯಲ್ಲಿ ಅದು ಜಗಳಕ್ಕೆ ಕರೆದಂತೆ. ಕಿತ್ತುಕೊಂಡರೆ ಬಿಟ್ಟುಬಿಡಿ. ಹಿಂದಕ್ಕೆ ಎಳೆಯಲು ಹೋದವರಿಗೇ ಹೆಚ್ಚಾಗಿ ಕಚ್ಚುವುದು. ಚರ್ಮ ಹರಿದಿದ್ದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.

ಮೇಲೆ ದರ್ಶನವಾದ ಮೇಲೆ ಬಂಡೆಯಂಚಿಗೆ ಬಂದು ಕೆಳಗೆ ನೋಡಿ. ಚೌಕಾಕಾರದ ಕಲ್ಯಾಣಿ, ಅದರ ಸುತ್ತ ಮಂಟಪಗಳ ಸಾಲು, ಹಿಂದೆ ಊರಿನ ಹೆಂಚಿನ ಮಾಡುಗಳು. ಊರನ್ನು ಹೇಗೆ ಕಟ್ಟಿದ್ದಾರೆ ಎನ್ನುವುದು ಇಲ್ಲಿಂದಲೇ ತಿಳಿಯುವುದು, ಕೆಳಗೆ ಓಣಿಗಳಲ್ಲಿ ತಿರುಗಿದರೆ ಗೊತ್ತಾಗದು. ಇಳಿದ ಮೇಲೆ ಕಲ್ಯಾಣಿಯ ಮೇಲಿನ ಮೆಟ್ಟಿಲಿನಲ್ಲಿ ಕೂತು ದಣಿವಾರಿಸಿಕೊಳ್ಳಿ. ನೀರಿಗೆ ತಾಗಿದ ಮೆಟ್ಟಿಲಿಗೆ ಇಳಿಯಬೇಡಿ, ಅಲ್ಲಿ ಪಾಚಿ.

ಚೆಲುವನಾರಾಯಣನ ಗುಡಿ ಮತ್ತು ಪ್ರಸಾದ

ಹತ್ತೂವರೆ, ಹನ್ನೊಂದರ ಹೊತ್ತಿಗೆ ಕೆಳಗಿನ ದೇವಸ್ಥಾನಕ್ಕೆ ಬನ್ನಿ. 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿ ನೆಲೆಸಿ ಪೂಜಾಕ್ರಮವನ್ನು ಕಟ್ಟಿಕೊಟ್ಟ ಮೇಲೆ ಯದುಗಿರಿ ಎಂದೂ ಕರೆಯುವ ಈ ಊರು ಶ್ರೀವೈಷ್ಣವರ ದೊಡ್ಡ ಕೇಂದ್ರವಾಯಿತು. ಮೂಲಮೂರ್ತಿ ತಿರುನಾರಾಯಣ, ಉತ್ಸವಮೂರ್ತಿ ಚೆಲ್ವಪಿಳ್ಳೆ. ಯದುಗಿರಿ ನಾಚ್ಚಿಯಾರ್ ಅಮ್ಮನವರ ಗುಡಿಯ ಮುಂದಿನ ಕಂಬಗಳ ಮುಂದೆ ಐದು ನಿಮಿಷವಾದರೂ ನಿಲ್ಲಿ, ಸಾಲಿನ ನೂಕಿನಲ್ಲಿ ಎಲ್ಲರೂ ಅವನ್ನು ದಾಟಿ ಹೋಗಿಬಿಡುತ್ತಾರೆ. ಫೋನು ಜೇಬಿನಲ್ಲೇ ಇರಲಿ.

ಮಧ್ಯಾಹ್ನ ಸುಮಾರು ಒಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕರ ಸುಮಾರಿಗೆ. ಹಬ್ಬದ ದಿನಗಳಲ್ಲಿ ಇದು ಏರುಪೇರಾಗುತ್ತದೆ.

ಪ್ರಸಾದ ಕೊಳ್ಳುವುದನ್ನು ಕೊನೆಗೆ ಎಂದು ಮುಂದೂಡಬೇಡಿ, ಜನ ಹೆಚ್ಚಿರುವ ದಿನ ಅದು ಬೇಗ ಖಾಲಿ. ಬಿಗಿಮುಚ್ಚಳದ ಎರಡು ಸ್ಟೀಲ್ ಡಬ್ಬಿ ಒಯ್ದಿರಿ, ಒಂದು ಪುಳಿಯೋಗರೆಗೆ, ಇನ್ನೊಂದು ಸಕ್ಕರೆ ಪೊಂಗಲ್‌ಗೆ. ದೊನ್ನೆಯಲ್ಲೋ ಕವರಿನಲ್ಲೋ ಹಿಡಿದು ಬಂದರೆ ಎಣ್ಣೆ, ತುಪ್ಪ ಸೋರುತ್ತದೆ, ಜೊತೆಗೆ ಹೊರಗಿನ ಕೋತಿಗಳಿಗೂ ಆಹ್ವಾನ.

ತಿನ್ನುವಾಗ ಏನು ನೋಡಬೇಕು

ಊರಿನ ಹೆಸರಿಗೆ ಅಂಟಿಕೊಂಡ ಪುಳಿಯೋಗರೆ ದೇವಸ್ಥಾನದಲ್ಲೂ ಸಿಗುತ್ತದೆ, ಸುತ್ತಲ ಬೀದಿಯ ಮೆಸ್‌ಗಳಲ್ಲೂ, ಕಲ್ಯಾಣಿಯ ಬಳಿಯ ಅಂಗಡಿಗಳಲ್ಲೂ ಸಿಗುತ್ತದೆ. ಎಲ್ಲವೂ ಒಂದೇ ಮಟ್ಟದ್ದಲ್ಲ.

ಮೊದಲು ಬಣ್ಣ ನೋಡಿ. ಇಲ್ಲಿಯದು ಕಂದು, ಕಪ್ಪಿಗೆ ತಿರುಗುವ ಕಂದು. ಹಳೆಯ ಹುಣಸೆ, ಬೆಲ್ಲ, ಕರಿ ಎಳ್ಳು ಸೇರಿ ಬರುವ ಬಣ್ಣ ಅದು. ಅರಿಶಿನದ ಹಳದಿ ಎದ್ದು ಕಂಡರೆ ಅದು ಹುಳಿ ಹಾಕಿದ ಚಿತ್ರಾನ್ನ, ತಿನ್ನಲು ಚೆನ್ನಾಗಿರಬಹುದು, ಆದರೆ ನೀವು ಬಂದದ್ದು ಅದಕ್ಕಲ್ಲ. ಅಗುಳು ಬಿಡಿಬಿಡಿಯಾಗಿರಬೇಕು, ಎಲೆಯ ಮೇಲೆ ತೆಳ್ಳಗೆ ಎಣ್ಣೆಯ ಗುರುತು ಉಳಿಯಬೇಕು. ಬಾಯಿಗಿಟ್ಟಾಗ ಹುಳಿ ಮುಂದೆ, ಖಾರ ಹಿಂದೆ, ಬೆಲ್ಲ ಇದೆಯೋ ಇಲ್ಲವೋ ಎನ್ನುವಷ್ಟು, ಕೊನೆಗೆ ಮೆಂತ್ಯದ ಒಂದು ಎಳೆ ಕಹಿ. ಈರುಳ್ಳಿ, ಬೆಳ್ಳುಳ್ಳಿ ಇದರ ಹತ್ತಿರವೂ ಸುಳಿಯುವುದಿಲ್ಲ.

ಬಿಸಿಬಿಸಿ ಕೊಡಿ ಎಂದು ಕೇಳುವುದು ಇಲ್ಲಿ ತಪ್ಪು. ಗೊಜ್ಜು ಕಲಸಿದ ಅನ್ನಕ್ಕೆ ಕನಿಷ್ಠ ಎರಡು ಗಂಟೆ ಬೇಕು, ಹುಳಿ ಉಪ್ಪು ಅಗುಳಿನೊಳಗೆ ಇಳಿಯುವುದಕ್ಕೆ. ಆಗಷ್ಟೇ ಕಲಸಿದ್ದರಲ್ಲಿ ಹುಳಿ ಮೇಲೆಮೇಲೆ ಚುರುಗುಟ್ಟುತ್ತದೆ, ಒಳಗೆ ಅನ್ನ ಸಪ್ಪೆ. ಬೆಳಗ್ಗೆ ಕಲಸಿದ್ದು ಇದೆಯೇ ಎಂದು ಕೇಳಿ. ಹಾಗೆ ಕೇಳುವ ಗಿರಾಕಿಗೆ ಬಡಿಸುವವರೂ ತುಸು ಮುತುವರ್ಜಿ ತೋರಿಸುತ್ತಾರೆ.

ರಾಮಾನುಜರ ಕಾಲದ ರುಚಿ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಒಣಮೆಣಸಿನಕಾಯಿಯೂ ಕಡಲೆಕಾಯಿಯೂ ಅಮೆರಿಕ ಖಂಡಗಳ ಕಡೆಯಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. 12ನೇ ಶತಮಾನದಲ್ಲಿ ಪುಳಿಯೋಗರೆ ಇದ್ದಿದ್ದರೆ ಅದರ ಖಾರವೆಲ್ಲ ಕಾಳುಮೆಣಸಿನದೇ ಆಗಿರಬೇಕು.

ಸಕ್ಕರೆ ಪೊಂಗಲ್‌ನ ಪರೀಕ್ಷೆ ತಣ್ಣಗಾದ ಮೇಲೆ. ತುಪ್ಪದಲ್ಲಿ ಮಾಡಿದ್ದು ತಣ್ಣಗಾದರೂ ನಾಲಿಗೆಯ ಮೇಲೆ ಕರಗುತ್ತದೆ. ವನಸ್ಪತಿ ಬೆರೆಸಿದ್ದರೆ ಅಂಗುಳಿಗೆ ಮೇಣ ಹಚ್ಚಿದ ಹಾಗೆ ಅಂಟುತ್ತದೆ, ಮೈಬಿಸಿಗೆ ಅದು ಸರಿಯಾಗಿ ಕರಗದು. ಪಚ್ಚಕರ್ಪೂರದ ವಾಸನೆ ಇರಬೇಕು, ಹೊಡೆಯಬಾರದು. ಬಿಸಿಲಿನಲ್ಲಿ ತಿರುಗುವವರು ಪುಳಿಯೋಗರೆ ಮತ್ತು ಪೊಂಗಲ್ ಎರಡನ್ನೂ ಅರ್ಧರ್ಧ ತಿಂದು ಮೊಸರನ್ನದಲ್ಲಿ ಮುಗಿಸಿ. ಹುಳಿ, ಎಣ್ಣೆ ಮೇಲೆ ತುಪ್ಪ ಬಿದ್ದರೆ ಮಧ್ಯಾಹ್ನದ ಮೇಲೆ ಎದೆಯುರಿ ಖಾತ್ರಿ.

ಬಾಗಿಲು ಮುಚ್ಚಿರುವ ಮೂರು ಗಂಟೆ

ಒಂದರಿಂದ ನಾಲ್ಕರವರೆಗೆ ಗುಡಿಗಳು ಮುಚ್ಚಿದ್ದರೂ ಊರು ತೆರೆದೇ ಇರುತ್ತದೆ. ರಾಯಗೋಪುರಕ್ಕೆ ಹೋಗಿ, ಪೂರ್ತಿಯಾಗದೆ ನಿಂತ ಗೋಪುರದ ಎತ್ತರದ ನಾಲ್ಕು ಕಂಬ, ಸುತ್ತ ಬಂಡೆ. ಸಿನಿಮಾಗಳಲ್ಲಿ ನೋಡಿದ ನೆನಪು ಬಂದೇ ಬರುತ್ತದೆ. ಅದರ ಹತ್ತಿರವೇ ಅಕ್ಕತಂಗಿಯರ ಕೊಳ, ಪಕ್ಕಪಕ್ಕದ ಎರಡು ಕೊಳಗಳಲ್ಲಿ ಒಂದರ ನೀರು ಕುಡಿಯಲು, ಇನ್ನೊಂದರದು ಬಳಕೆಗೆ ಎಂದು ವಾಡಿಕೆ. ಸಾಹಿತ್ಯದ ಒಲವಿದ್ದವರಿಗೆ ಪು.ತಿ.ನ. ಅವರ ಮನೆ ಇದೆ. 1905ರಲ್ಲಿ ಈ ಊರಿನಲ್ಲೇ ಹುಟ್ಟಿದ ಕವಿಯ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಮಕ್ಕಳಿದ್ದರೆ ಇಲ್ಲಿಯದೇ ಧನುಷ್ಕೋಟಿಯ ಬಂಡೆಗಳ ಕಡೆ ಹೋಗಬಹುದು, ನೀರು ಕೈಯಲ್ಲಿರಲಿ.

ಸುತ್ತಲಿನ ಕಾಡು 1974ರಲ್ಲಿ ತೋಳಗಳಿಗಾಗಿ ಘೋಷಿಸಿದ ವನ್ಯಧಾಮ. ಊಟದ ಎಲೆ, ಕವರುಗಳನ್ನು ದಾರಿಬದಿ ಎಸೆಯಬೇಡಿ, ಕತ್ತಲಾದ ಮೇಲೆ ಗಾಡಿ ಜೋರಾಗಿ ಓಡಿಸಬೇಡಿ. ಪಾಂಡವಪುರದ ಕಡೆ ಹಿಂದಿರುಗುವವರು ತೊಣ್ಣೂರಿನಲ್ಲಿ ಇಳಿದು ನಂಬಿನಾರಾಯಣನ ಗುಡಿಯನ್ನೂ ಕೆರೆಯನ್ನೂ ನೋಡಬಹುದು. ಕೆರೆಯ ನೀರು ತಿಳಿಯಾಗಿರುವುದರಿಂದ ಆಳ ಕಡಿಮೆ ಎಂದು ತೋರುತ್ತದೆ. ಈಜಲು ಇಳಿಯಬೇಡಿ.

ಗೊಜ್ಜು ಕೊಳ್ಳುವಾಗ

ಹೊರಡುವ ಮುನ್ನ ಕೊನೆಯ ಕೆಲಸ ಇದು. ಮೊದಲೇ ಕೊಂಡು ದಿನವಿಡೀ ಬಿಸಿಲಿನ ಕಾರಿನಲ್ಲಿ ಇಟ್ಟರೆ ಎಣ್ಣೆ ಸಡಿಲವಾಗಿ ಮುಚ್ಚಳದಿಂದ ಜಿನುಗುತ್ತದೆ.

ಅಂಗಡಿಯಲ್ಲಿ ಪುಡಿಯೂ ಸಿಗುತ್ತದೆ, ಗೊಜ್ಜೂ ಸಿಗುತ್ತದೆ. ಪುಡಿ ಕೊಂಡರೆ ಹುಣಸೆ ಕುದಿಸುವ ಕೆಲಸ ಬಹುತೇಕ ನಿಮ್ಮದೇ, ಆದ್ದರಿಂದ ಹೊಸಬರು ಗೊಜ್ಜನ್ನೇ ತೆಗೆದುಕೊಳ್ಳಿ. ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ: ಮೇಲೆ ಎಣ್ಣೆ ಒಂದು ಪದರವಾಗಿ ನಿಂತಿರಬೇಕು. ಆ ಎಣ್ಣೆಯೇ ಗಾಳಿಯನ್ನು ತಡೆದು ಬೂಷ್ಟು ಬಾರದಂತೆ ಕಾಯುವುದು. ಎಣ್ಣೆಯ ಬದಲು ಕೆಂಪು ನೀರು ಬೇರೆಯಾಗಿ ನಿಂತಿದ್ದರೆ ಹುಣಸೆ ಸಾಕಷ್ಟು ಕುದಿದಿಲ್ಲ, ಅದು ಬಹಳ ದಿನ ನಿಲ್ಲದು. ತಯಾರಿಸಿದ ದಿನಾಂಕ, ಯಾವ ಎಣ್ಣೆ ಎನ್ನುವುದನ್ನು ಓದಿ. ಎಳ್ಳೆಣ್ಣೆ ಆದರೆ ಉತ್ತಮ.

ಬಾಟಲಿಯನ್ನು ನಿಲ್ಲಿಸಿಯೇ ಒಯ್ಯಿರಿ. ವಿಮಾನದಲ್ಲಿ ಹೋಗುವವರು ಚೆಕ್‌ಇನ್ ಪೆಟ್ಟಿಗೆಗೇ ಹಾಕಿ, ಎಣ್ಣೆ ಮತ್ತು ಗೊಜ್ಜನ್ನು ಕೈಚೀಲದಲ್ಲಿ ತಪಾಸಣೆಯವರು ಬಿಡುವುದು ಕಷ್ಟ. ಮನೆಯಲ್ಲಿ ಒಣಗಿದ ಚಮಚವನ್ನೇ ಹಾಕಿ, ತೆಗೆದ ಮೇಲೆ ಎಣ್ಣೆ ಕಡಿಮೆ ಕಂಡರೆ ಕಾಯಿಸಿ ಆರಿಸಿದ ಎಳ್ಳೆಣ್ಣೆ ಎರಡು ಚಮಚ ಮೇಲೆ ಸುರಿಯಿರಿ. ಮುಚ್ಚಳ ಉಬ್ಬಿದರೆ, ಹೆಂಡದ ವಾಸನೆ ಬಂದರೆ, ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ. ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ಬಳಸಬೇಡಿ.

ಸ್ವಂತ ಮಾಡುವವರಿಗೆ ಅಳತೆ

ಬೀಜ, ನಾರು ತೆಗೆದ ಹಳೆ ಹುಣಸೆ 100 ಗ್ರಾಂ. ಇದರಿಂದ ಸುಮಾರು 800 ಗ್ರಾಂ ಅಕ್ಕಿಗೆ ಆಗುವಷ್ಟು ಗೊಜ್ಜು ಬರುತ್ತದೆ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಗಟ್ಟಿಯಾಗಿ ಕಿವುಚಿ ಸೋಸಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ 15–20, ಧನಿಯಾ 2 ದೊಡ್ಡ ಚಮಚ, ಕಾಳುಮೆಣಸು 1 ಚಿಕ್ಕ ಚಮಚ, ಸಾಸಿವೆ ಮತ್ತು ಮೆಂತ್ಯ ಅರ್ಧರ್ಧ ಚಿಕ್ಕ ಚಮಚ, ಇವನ್ನು ಬೇರೆಬೇರೆಯಾಗಿ ಹುರಿದು ಪುಡಿ ಮಾಡಿ. ಒಟ್ಟಿಗೆ ಹುರಿದರೆ ಧನಿಯಾ ಘಮ್ಮೆನ್ನುವಷ್ಟರಲ್ಲಿ ಮೆಂತ್ಯ ಸೀದಿರುತ್ತದೆ, ಆ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗದು. ಮೆಂತ್ಯ ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಿ.

ದಪ್ಪ ತಳದ ಪಾತ್ರೆಯಲ್ಲಿ 80–100 ಮಿ.ಲೀ. ಎಳ್ಳೆಣ್ಣೆ ಕಾಯಿಸಿ, ಸಾಸಿವೆ, ಇಂಗು, ಕರಿಬೇವು ಹಾಕಿ, ಹುಣಸೆ ರಸ ಸುರಿದು ಸಣ್ಣ ಉರಿಯಲ್ಲಿ ಕುದಿಸಿ. ಅರ್ಧಕ್ಕೆ ಇಳಿದಾಗ ಉಪ್ಪು 25 ಗ್ರಾಂ, ಬೆಲ್ಲ 40–50 ಗ್ರಾಂ, ಮಾಡಿಟ್ಟ ಪುಡಿ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ಸೌಟಿನಿಂದ ಎಳೆದ ಗೆರೆ ಕೂಡಿಕೊಳ್ಳದೆ ನಿಲ್ಲುವವರೆಗೆ ಕೈಯಾಡಿಸಿ, 35–45 ನಿಮಿಷ ಹಿಡಿಯುತ್ತದೆ. ಅವಸರದಲ್ಲಿ ಉರಿ ಹೆಚ್ಚಿಸಿದರೆ ತಳ ಹಿಡಿಯುತ್ತದೆ, ಒಳಗಿನ ನೀರು ಹಾಗೆಯೇ ಉಳಿಯುತ್ತದೆ. ಹುರಿದ ಕರಿ ಎಳ್ಳಿನ ಪುಡಿ ಮತ್ತು ಕೊಬ್ಬರಿ ತುರಿಯನ್ನು ಗೊಜ್ಜಿಗೆ ಹಾಕಬೇಡಿ, ಕೂಡಿಟ್ಟರೆ ಕಮಟು ಬರುತ್ತದೆ. ಅವು ಕಲಸುವಾಗ.

ಕಲಸುವುದು

ಅಕ್ಕಿ ಹಳೆಯದಿರಲಿ. 200 ಗ್ರಾಂ ಅಕ್ಕಿಯ ಅನ್ನವನ್ನು ಉದುರಾಗಿ ಮಾಡಿ, ಅಗಲವಾದ ತಟ್ಟೆಗೆ ಹರವಿ, 2 ಚಮಚ ಎಳ್ಳೆಣ್ಣೆ ಚಿಮುಕಿಸಿ, ಇಪ್ಪತ್ತು ನಿಮಿಷ ಆರಲು ಬಿಡಿ. ಹಬೆಯಾಡುವ ಅನ್ನಕ್ಕೆ ಗೊಜ್ಜು ಹಾಕಿ ಕೈಯಾಡಿಸಿದರೆ ಅಗುಳು ಮುರಿದು ಮುದ್ದೆಯಾಗುತ್ತದೆ. ಆರಿದ ಮೇಲೆ ಸುಮಾರು 3 ದೊಡ್ಡ ಚಮಚ ಗೊಜ್ಜು ಹಾಕಿ ಬೆರಳ ತುದಿಯಿಂದ ಕಲಸಿ. ಮೇಲೆ ಒಂದು ದೊಡ್ಡ ಚಮಚ ಎಳ್ಳು–ಕೊಬ್ಬರಿ ಪುಡಿ, ಎಣ್ಣೆಯಲ್ಲಿ ಹುರಿದ ಕಡಲೆಕಾಯಿಬೀಜ, ಕಡಲೆಬೇಳೆ. ಗೊಜ್ಜಿನಲ್ಲೇ ಉಪ್ಪಿರುವುದರಿಂದ ಅನ್ನಕ್ಕೆ ಮೊದಲೇ ಉಪ್ಪು ಬೇಡ. ಎರಡು ಗಂಟೆ ಮುಚ್ಚಿಟ್ಟು, ಆಮೇಲೆ ರುಚಿ ನೋಡಿ ಬೇಕಿದ್ದರೆ ಸೇರಿಸಿ.

ಹುಳಿ ಹೆಚ್ಚಾಯಿತೆಂದರೆ ಬೆಲ್ಲ ಹಾಕಲು ಹೋಗಬೇಡಿ, ಸಿಹಿ–ಹುಳಿ ಎರಡೂ ಎದ್ದು ಕುಣಿಯುತ್ತವೆ. ಇನ್ನೊಂದಿಷ್ಟು ಬಿಳಿ ಅನ್ನ, ಒಂದು ಚಮಚ ಎಣ್ಣೆ ಸೇರಿಸಿ. ಸಪ್ಪೆ ಅನ್ನಿಸಿದರೆ ಎರಡು ಗಂಟೆ ಕಳೆಯುವವರೆಗೆ ಗೊಜ್ಜಿನ ಬಾಟಲಿಗೆ ಕೈ ಹಾಕಬೇಡಿ. ಅಂದು ಬೆಳಗ್ಗೆ ಕಲಸಿದ್ದು ರಾತ್ರಿಯೊಳಗೆ ಮುಗಿಯಲಿ. ಫ್ರಿಜ್‌ನಲ್ಲಿಟ್ಟರೆ ಅಗುಳು ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ, ಮತ್ತೆ ಬಿಸಿ ಮಾಡಿದರೂ ಮೊದಲಿನ ಹದ ಬರದು.